ಅಂಗೈ ಗುಳಿಯಷ್ಟು ಉಪ್ಪು

ನಮ್ಮ ಮನೆಯಲ್ಲಿ ಸ್ಕಾಚ್ ಎಗ್ ಮಾಡುವವಳು ನಾನು. ಅದರ ರುಚಿ ಏನೆಂದು ಗೊತ್ತಿಲ್ಲದವಳೂ ನಾನೇ. ಬೇಯಿಸಿದ ತತ್ತಿಗೆ ಕೊಚ್ಚಿದ ಮಾಂಸದ, ಅಂದರೆ ಖೀಮಾದ ಅಂಗಿ ತೊಡಿಸಿ, ಟೋಸ್ಟಿನ ಪುಡಿಯಲ್ಲಿ ಹೊರಳಾಡಿಸಿ, ಎಣ್ಣೆಯಲ್ಲಿ ಕರಿಯುವ ಈ ತಿಂಡಿಯನ್ನು ಸುಮಾರು ಇಪ್ಪತ್ತು ವರ್ಷಗಳಿಂದ ಭಾನುವಾರಕ್ಕೊಮ್ಮೆ ಮಾಡುತ್ತ ಬಂದಿದ್ದೇನೆ. ಒಂದು ಚೂರನ್ನೂ ನಾಲಿಗೆಗೆ ಹಚ್ಚಿಲ್ಲ. ಹೆಸರಿನಲ್ಲಿ ಸ್ಕಾಚ್ ಇದೆಯೆಂದು ಹುಬ್ಬೇರಿಸುವವರಿಗೆ ಹೇಳಿಬಿಡುತ್ತೇನೆ, ಅದರಲ್ಲಿ ಒಂದು ಹನಿ ಮದ್ಯವೂ ಇಲ್ಲ. ಇರುವುದೆಲ್ಲ ಬೈಲಹೊಂಗಲದ ಪೇಟೆಯಲ್ಲೇ ಸಿಗುವಂಥದ್ದು.

ನಾನು ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಸಹೋದ್ಯೋಗಿಯೊಬ್ಬರು ಕೇಳಿದ್ದರು. “ಮುಟ್ಟೂದು ನಡೀತದ, ತಿನ್ನೂದು ನಡಿಯಂಗಿಲ್ಲ ಏನ್ರಿ? ಇದ್ಯಾವ ಶಾಸ್ತ್ರ?”

“ಕೈ ಗಂಡನ ಮನೀದು, ನಾಲಿಗಿ ತವರಮನೀದು. ಸಾಕಲ್ರಿ?” ಎಂದಿದ್ದೆ. ನನ್ನ ಬಾಯಿಗೆ ಹೆದರಿ ಅವರು ಮುಂದೆ ಕೇಳಲಿಲ್ಲ. ಆ ಉತ್ತರ ತಪ್ಪು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ನನ್ನ ತವರು ಮುರಗೋಡ. ಅಪ್ಪ ಪಂಚಾಂಗ, ಪೂಜೆ ಎಂದು ನಾಲ್ಕು ಊರು ತಿರುಗುತ್ತಿದ್ದವರು. ಗಂಡನದು ಸಿರಸಂಗಿ ಕಡೆಯ ಒಕ್ಕಲುತನದ ಮನೆ, ಹಬ್ಬ ಮುಗಿದ ಮರುದಿನ ಮಾಂಸದ ಅಡುಗೆ ಆಗಲೇಬೇಕಾದ ಮನೆ. ಇಬ್ಬರೂ ಒಂದೇ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆವು, ಅವರು ಆಟ ಕಲಿಸುವ ಮಾಸ್ತರು, ನಾನು ಗಣಿತ. ಧಾರವಾಡದಲ್ಲಿ ರಿಜಿಸ್ಟರ್ ಮದುವೆಯಾದೆವು. ಅಪ್ಪ ಬೈಯಲಿಲ್ಲ, ಅಳಲಿಲ್ಲ, ನನ್ನ ಹೆಸರು ಹೇಳುವುದನ್ನು ಮಾತ್ರ ಬಿಟ್ಟರು. ಅವರು ಇರುವವರೆಗೆ ಅವ್ವನೂ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಸ್ಕಾಚ್ ಎಗ್ ನಮ್ಮ ಮನೆಗೆ ಬಂದದ್ದು ಬೆಳಗಾವಿಯಿಂದ. ನನ್ನ ಗಂಡ ಅಲ್ಲಿ ಕಾಲೇಜು ಓದುವಾಗ ಖರ್ಚಿಗಾಗಿ ಕ್ಯಾಂಪಿನ ಒಂದು ಬೇಕರಿಯಲ್ಲಿ ಬೆಳಗಿನ ಹೊತ್ತು ಕೆಲಸ ಮಾಡುತ್ತಿದ್ದರಂತೆ. ಭಾನುವಾರ ಮಿಲಿಟರಿ ಅಧಿಕಾರಿಗಳ ಮನೆಗಳಿಗೆ ಡಬ್ಬಿಗಟ್ಟಲೆ ಸ್ಕಾಚ್ ಎಗ್ ಹೋಗುತ್ತಿತ್ತು. ಎರಡು ವರ್ಷ ತತ್ತಿ ಸುಲಿದು ಸುಲಿದು ಕಡೆಗೆ ಮಾಡುವುದನ್ನೂ ಕಲಿತರು. ಮದುವೆಯಾದ ಹೊಸದರಲ್ಲಿ ಹಿತ್ತಿಲ ಕಟ್ಟೆಯ ಮೇಲೆ ಸೀಮೆಎಣ್ಣೆ ಸ್ಟೋವ್ ಇಟ್ಟುಕೊಂಡು ತಾವೇ ಮಾಡಿ, ತಾವೇ ತಿಂದು, ತಾವೇ ಪಾತ್ರೆ ತಿಕ್ಕಿಡುತ್ತಿದ್ದರು. ಒಳಗೆ ತರಬೇಡಿ ಎಂದು ನಾನು ಹೇಳಿರಲಿಲ್ಲ. ಅವರೇ ತರುತ್ತಿರಲಿಲ್ಲ.

ಒಂದು ಸಲ ಮಕ್ಕಳಿಗೆ ವಾಲಿಬಾಲ್ ಆಡಿಸುವಾಗ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದರು. ಎರಡು ಭಾನುವಾರ ಸ್ಕಾಚ್ ಎಗ್ ಇಲ್ಲದೆ ಹೋಯಿತು. ಮೂರನೆಯ ಭಾನುವಾರ ಮನುಷ್ಯ ಕಟ್ಟೆಯ ಮೇಲೆ ಕೂತು, ತಣ್ಣಗಿದ್ದ ಸ್ಟೋವನ್ನು ನೋಡುತ್ತ ನಿಟ್ಟುಸಿರು ಬಿಡತೊಡಗಿದರು. ಒಂದು, ಎರಡು, ಮೂರು. ನನಗೆ ನಿಟ್ಟುಸಿರು ಬಿಡುವ ಗಂಡಸರನ್ನು ಕಂಡರೆ ಆಗುವುದಿಲ್ಲ.

“ಹ್ಯಾಂಗ ಮಾಡೋದು ಹೇಳ್ರಿ, ನಾ ಮಾಡ್ತೀನಿ” ಎಂದೆ.

“ನಿನ್ನ ಕಡಿಂದ ಆಗಂಗಿಲ್ಲ ಬಿಡ. ಖೀಮಾ ಮುಟ್ಟಿದ್ರ ವಾಂತಿ ಮಾಡಕೋತಿ.”

ಆಗುವುದಿಲ್ಲ ಎಂದರೆ ಮುಗಿಯಿತು. ಸೆರಗು ಸಿಕ್ಕಿಸಿ ಕೂತೆ. ವಾಂತಿಯೇನೂ ಆಗಲಿಲ್ಲ. ಆದರೆ ಮೊದಲ ಸಲ ಮಾಡಿದ್ದೆಲ್ಲ ಕೆಟ್ಟುಹೋಯಿತು. ತೊಳೆದ ಖೀಮಾದ ನೀರು ಹಿಂಡಿರಲಿಲ್ಲ, ಎಣ್ಣೆಗೆ ಬಿಟ್ಟ ಕೂಡಲೇ ಅಂಗಿ ಹರಿದು ತತ್ತಿ ಬತ್ತಲೆಯಾಗಿ ತೇಲಿತು. ಗಂಡ ಎಡಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮುಂದಿನ ವಾರ ಖೀಮಾವನ್ನು ಬಟ್ಟೆಯಲ್ಲಿ ಹಿಂಡಿ, ಹುರಿಗಡಲೆಯ ಪುಟಾಣಿ ಹಿಟ್ಟು ಸೇರಿಸಿ, ಅಂಗೈಗೆ ನೀರು ಸವರಿಕೊಂಡು ಒಂದೂ ಬಿರುಕಿಲ್ಲದಂತೆ ಮುಚ್ಚಿದೆ. ಹೋಳಿಗೆಗೆ ಹೂರಣ ತುಂಬಿ ಬೆಳೆದ ಕೈ, ತತ್ತಿ ಮುಚ್ಚುವುದು ಅದಕ್ಕೇನು ದೊಡ್ಡದು?

ಪ್ರಶ್ನೆ ಬಂದದ್ದು ಉಪ್ಪಿನದು.

“ಒಂದ ಚೂರ ಹುರದು ತಿಂದ ನೋಡಬೇಕು. ಬೇಕರ್ಯಾಗ ಹಂಗ ಮಾಡತಿದ್ವಿ. ತಾ ಇಲ್ಲೆ, ನಾ ನೋಡತೇನಿ” ಎಂದರು.

“ಬ್ಯಾಡ” ಎಂದೆ. ಹರಳುಪ್ಪು ತೆಗೆದು ಅಂಗೈ ಗುಳಿಗೆ ತುಂಬಿಕೊಂಡೆ, ತೋರುಬೆರಳಿಂದ ನಾಲ್ಕು ಹರಳು ಕೆಳಗೆ ತಳ್ಳಿದೆ, ಉಳಿದದ್ದನ್ನು ಕುಟ್ಟಿ ಬೆರೆಸಿದೆ. ಗಂಡ ತಿಂದರು. ಎರಡನೆಯದನ್ನೂ ತಿಂದರು. ಆಮೇಲೆ ನನ್ನನ್ನೇ ನೋಡುತ್ತ, “ಉಪ್ಪ ಬರೋಬ್ಬರಿ ಐತಲ್ರಿ ಅಕ್ಕೋರ!” ಎಂದರು. ಶಾಲೆಯ ಮಕ್ಕಳು ಕರೆಯುವಂತೆ ಅಕ್ಕೋರ ಎಂದು ನನ್ನನ್ನು ಕಾಡಿಸುವುದು ಅವರ ರೂಢಿ. ಆ ದಿನ ಕಾಡಿಸಲಿಲ್ಲ, ನಿಜವಾಗಿ ಬೆರಗಾಗಿದ್ದರು. ಕೈಯ ಪ್ಲಾಸ್ಟರ್ ತೆಗೆದ ಮೇಲೂ ಆ ಕೆಲಸ ನನ್ನ ಕೈಯಲ್ಲೇ ಉಳಿಯಿತು.

ಅದರಲ್ಲಿ ಬೆರಗಾಗುವಂಥದ್ದು ಏನೂ ಇರಲಿಲ್ಲ. ನನ್ನ ತವರಿನಲ್ಲಿ ಅಡುಗೆಯ ರುಚಿ ನೋಡಿದವರೇ ಇಲ್ಲ. ಮಾಡಿದ್ದೆಲ್ಲ ಮೊದಲು ದೇವರಿಗೆ ಹೋಗಬೇಕು, ಅದಕ್ಕಿಂತ ಮುಂಚೆ ನಾಲಿಗೆಗೆ ಹಚ್ಚಿದರೆ ಎಂಜಲಾಯಿತು. ನೂರು ಎಲೆಯ ಅಡುಗೆಯಿದ್ದರೂ ಅಷ್ಟೆ, ನಾಲ್ಕು ಜನರ ಸಾರಾದರೂ ಅಷ್ಟೆ. ಅವ್ವ ಮಡಿ ಉಟ್ಟು ಒಲೆಯ ಮುಂದೆ ಕೂತರೆ ಹುಳಿಯ ವಾಸನೆಯನ್ನು ಕೂಡ ಬೇಕೆಂದು ಎಳೆದುಕೊಳ್ಳುತ್ತಿರಲಿಲ್ಲ. ಎಲ್ಲ ಅಳತೆಯೂ ಅಂಗೈಯಲ್ಲಿ. ನನಗೆ ಹತ್ತು ವರ್ಷವಿದ್ದಾಗ ನನ್ನ ಅಂಗೈಯನ್ನು ತನ್ನ ಮುಂದೆ ಬಿಡಿಸಿ, ನಡುವಿನ ಗುಳಿಯನ್ನು ಹೆಬ್ಬೆರಳಿಂದ ಒತ್ತಿ ಹೇಳಿದ್ದಳು: “ಇದು ನಿನ್ನ ಮಾಪು. ಕೈ ದೊಡ್ಡದಾದಂಗ ಗುಳಿನೂ ದೊಡ್ಡದಾಗತದ. ನಾಲ್ಕು ಹರಳು ತಗದ ಹಾಕು, ತಿಳೀತಿಲ್ಲೊ?” ಇವತ್ತಿಗೂ ನಾನು ಪುಡಿ ಉಪ್ಪು ತರುವುದಿಲ್ಲ, ಅದರ ಅಳತೆ ನನ್ನ ಕೈಗೆ ಗೊತ್ತಿಲ್ಲ.

ಖೀಮಾಕ್ಕೆ ಉಪ್ಪು ಹಾಕುವಾಗಲೆಲ್ಲ ಅವ್ವ ನೆನಪಾಗುತ್ತಿದ್ದಳು. ಎಂಥ ಹೊತ್ತಿನಲ್ಲಿ ಎಂಥವರು ನೆನಪಾಗುವುದು! ಅವಳಿಗೆ ಹೇಳಬೇಕು ಅನ್ನಿಸುತ್ತಿತ್ತು, ನೋಡವ್ವ, ನೀನು ಕಲಿಸಿದ್ದು ಇಲ್ಲಿಯೂ ಒಂದು ಹರಳು ತಪ್ಪಿಲ್ಲ ಎಂದು. ಹೇಳುವ ಹಾಗಿರಲಿಲ್ಲ. ಅವ್ವನನ್ನು ನೋಡಬೇಕು ಅನ್ನಿಸಿದರೆ ಮುರಗೋಡದ ಅಣ್ಣನ ಮನೆಗೆ ಹೋಗಿ ಪಡಸಾಲೆಯಲ್ಲಿ ಒಂದು ತಾಸು ಕೂತು ಬರುತ್ತಿದ್ದೆ. ಅದೂ ಅಪ್ಪ ತೀರಿಕೊಂಡ ಮೇಲೆ.

ಆಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ನನ್ನ ಅವ್ವನನ್ನು ಬೈಲಹೊಂಗಲಕ್ಕೆ ಕರೆತಂದದ್ದು ಮಗಳ ಪ್ರೀತಿಯೋ ಸರಕಾರವೋ ಹೇಳಲಾರೆ. ಆಧಾರ್ ಕಾರ್ಡನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು, ತನ್ನ ತಂಬಿಗೆಯಲ್ಲಿ ತನ್ನ ಮನೆಯ ನೀರು ಹಿಡಿದುಕೊಂಡು, ತಿಂಗಳಿಗೊಮ್ಮೆ ಬಂದಿಳಿಯತೊಡಗಿದಳು. ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಎಂಬುದು ನೆಪ. ಎಪ್ಪತ್ತೆಂಟರ ವಯಸ್ಸಿನಲ್ಲೂ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಬಂದವಳು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ತಂದ ನೀರು ಕುಡಿದು, ತಂದ ಅವಲಕ್ಕಿ ತಿಂದು, ಎರಡು ತಾಸು ಮಾತಾಡಿ ಹೋಗುತ್ತಿದ್ದಳು. ನಾನು ಕೊಟ್ಟರೆ ಸಿಪ್ಪೆ ಸುಲಿಯದ ಬಾಳೆಹಣ್ಣು ಮಾತ್ರ ತೆಗೆದುಕೊಳ್ಳುತ್ತಿದ್ದಳು. ಅವಳು ಬರುವ ದಿನ ನಾನು ತತ್ತಿಯ ಟ್ರೇಯನ್ನು ಬಾಗಿಲೊಳಗಿನ ಬುಟ್ಟಿಯ ಕೆಳಗೆ ಬಚ್ಚಿಡುತ್ತಿದ್ದೆ. ಅವಳು ಬುಟ್ಟಿಯ ಕಡೆಗೆ ನೋಡದಂತೆ ಕೂರುತ್ತಿದ್ದಳು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಗೊತ್ತಿಲ್ಲದವರಂತೆ ಇದ್ದೆವು.

ನನಗೆ ಬೇರೇನೂ ಬೇಡವಾಗಿತ್ತು. ನನ್ನ ಕೈಯಿಂದ ಒಂದು ತುತ್ತು, ಒಂದೇ ಒಂದು ತುತ್ತು ಅವ್ವ ತಿನ್ನಬೇಕಾಗಿತ್ತು. ಬಂದ ಬೀಗರೆಲ್ಲ ಉಂಡು ಬೆರಳು ಚೀಪಿ ಹೋಗುವ ಮನೆಯಿಂದ ಹೆತ್ತವಳು ಮಾತ್ರ ತನ್ನ ಡಬ್ಬಿ ಮುಚ್ಚಿಕೊಂಡು ಏಳುವುದನ್ನು ನೋಡುವುದಿದೆಯಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ಬಸ್ಸಿಗೆ ಹತ್ತಿಸಿ ಬಂದು ವಿನಾಕಾರಣ ಗಂಡನ ಮೇಲೆ ಹರಿಹಾಯುತ್ತಿದ್ದೆ. ಅವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಅವರಿಗೆ ತಿಳಿಯುತ್ತಿತ್ತು.

ಒಂದು ದಿನ ಬಾಳೆಹಣ್ಣು ಸುಲಿಯುತ್ತ ಅವ್ವ ತಾನಾಗಿಯೇ ಅಂದಳು: “ಬ್ಯಾರೆ ಒಲಿ, ಬ್ಯಾರೆ ಪಾತ್ರಿ ಇಟ್ಟು, ಮಡೀಲೆ ಮಾಡಿದ್ರ ಒಂದು ತುತ್ತು ತಿಂದೇನು.”

ಮರುದಿನವೇ ಪೇಟೆಗೆ ಹೋಗಿ ಒಂದೇ ಬರ್ನರಿನ ಒಲೆ, ಸಣ್ಣ ಸಿಲಿಂಡರು, ಬಾಣಲೆ, ಪಾತ್ರೆ, ಝಾರಿ ಎಲ್ಲ ಹೊಸತು ತಂದು ಮಾಳಿಗೆಯ ಕೋಣೆಯಲ್ಲಿ ಇಟ್ಟೆ. ಕಚ್ಚೆ ಕಟ್ಟುವವಳಂತೆ ಸೀರೆ ಬಿಗಿದು ಕೋಣೆ ತೊಳೆದೆ. ಇನ್ನು ಏನು ಮಾಡುವುದು ಎಂಬುದೊಂದೇ ಉಳಿಯಿತು.

“ಸುಮ್ಮ ಉಪ್ಪಿಟ್ಟ ಮಾಡ” ಎಂದರು ಗಂಡ.

“ಉಪ್ಪಿಟ್ಟು ಅವ್ವ ದಿನಾ ತಿಂತಾಳ. ಅದನ್ನ ಇಲ್ಲೆ ಬಂದು ತಿನ್ನಬೇಕೇನು?”

“ಮೊದಲ ಸಲ ಐತಿ. ಸಾದಾ ಮಾಡ, ನಾ ಹೇಳತೇನಿ ಕೇಳ.”

ಕೇಳಲಿಲ್ಲ. ನನ್ನ ತಲೆಯಲ್ಲಿ ಒಂದು ಹುಳು ಹೊಕ್ಕಿತ್ತು. ನಾನು ಇಷ್ಟು ವರ್ಷ ಏನು ಮಾಡಿದೆನೋ, ಯಾವುದರ ಮುಂದೆ ಕೂತು ಅವಳನ್ನು ನೆನೆಸಿಕೊಂಡೆನೋ, ಅದನ್ನೇ ಅವಳು ತಿನ್ನುವಂತೆ ಮಾಡಿ ಬಡಿಸಬೇಕು. ತತ್ತಿಯಿಲ್ಲದ, ಖೀಮಾ ಇಲ್ಲದ, ಮಡಿಯ ಸ್ಕಾಚ್ ಎಗ್! ಮಾಸ್ತರಿಕೆಯ ಇಡೀ ಜಂಬ ಅದರಲ್ಲಿತ್ತು.

ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕದೆ ಅರಿಶಿನ ಹಾಕಿ ಹೂರಣದಂತೆ ರುಬ್ಬಿ ಹಳದಿ ಉಂಡೆ ಕಟ್ಟಿದೆ. ಕಡುಬಿಗೆ ಉಕ್ಕರಿಸುವಂತೆ ಅಕ್ಕಿ ಹಿಟ್ಟು ಉಕ್ಕರಿಸಿ ನಾದಿ, ಹಳದಿ ಉಂಡೆಯ ಸುತ್ತ ಮುಚ್ಚಿ ತತ್ತಿಯ ಆಕಾರ ಕೊಟ್ಟೆ. ಅದರ ಮೇಲೆ ಅಂಬೊಡೆಗೆ ರುಬ್ಬಿದಂತೆ ರುಬ್ಬಿದ ಬೇಳೆ, ಶುಂಠಿ, ಕರಿಬೇವು, ಉಳ್ಳಾಗಡ್ಡಿಯ ಸೋಂಕಿಲ್ಲ. ಬೇಕರಿಯ ಟೋಸ್ಟು ನಡೆಯುವುದಿಲ್ಲವೆಂದು ಸಣ್ಣ ರವೆಯಲ್ಲಿ ಹೊರಳಿಸಿದೆ. ಒದ್ದೆ ಸೀರೆಯಲ್ಲಿ ನಡುಗುತ್ತ ತುಪ್ಪದಲ್ಲಿ ಕರಿದೆ. ಎಲ್ಲದಕ್ಕೂ ಅಂಗೈ ಗುಳಿಯ ಉಪ್ಪು, ನಾಲ್ಕು ಹರಳು ಕಡಿಮೆ. ಒಂದೂ ಒಡೆಯಲಿಲ್ಲ. ಅಷ್ಟು ಚೆಂದದ ಕೆಲಸವನ್ನು ನನ್ನ ಕೈ ಹಿಂದೆಂದೂ ಮಾಡಿರಲಿಲ್ಲ.

ಗಂಡ ಬೆಳಿಗ್ಗೆಯೇ ಹೊರಗೆ ಹೊರಟರು. “ನಾ ಮನ್ಯಾಗ ಇದ್ರ ಅತ್ತಿಯವರಿಗೆ ಗಂಟಲಾಗ ಇಳಿಯಂಗಿಲ್ಲ” ಎಂದು ಚಪ್ಪಲಿ ಮೆಟ್ಟಿದರು.

ಅವ್ವ ಬಂದಳು. ಕಟ್ಟೆ ದಾಟಿ, ಮಾಳಿಗೆಯ ಮೆಟ್ಟಿಲನ್ನು ಗೋಡೆ ಹಿಡಿದು ಒಂದೊಂದಾಗಿ ಹತ್ತಿದಳು. ಇಪ್ಪತ್ತೈದು ವರ್ಷಗಳಲ್ಲಿ ನನ್ನ ಮನೆಯೊಳಗೆ ಅವಳು ಇಟ್ಟ ಮೊದಲ ಹೆಜ್ಜೆಗಳು ಅವು. ಮಣೆ ಹಾಕಿದೆ. ಬಾಳೆ ಎಲೆ ಹಾಸಿದೆ. ಅವ್ವ ಕೂತು ಎಲೆಯ ಸುತ್ತ ನೀರು ತಿರುಗಿಸಿದಳು.

ಇಡಿಯಾಗಿ ಬಡಿಸಿದ್ದರೆ ದೊಡ್ಡ ಅಂಬೊಡೆ ಎಂದು ತಿನ್ನುತ್ತಿದ್ದಳೇನೋ. ನಾನು ಹಾಗೆ ಮಾಡಲಿಲ್ಲ. ಒಳಗಿನ ಚೆಂದ ಕಾಣಲಿ ಎಂದು ಹೊಸ ಚಾಕುವಿನಿಂದ ನಟ್ಟನಡುವೆ ಕೊಯ್ದು, ಎರಡು ಹೋಳುಗಳನ್ನು ಮೇಲ್ಮುಖವಾಗಿ ಎಲೆಯ ಮೇಲಿಟ್ಟೆ. ನಡುವೆ ದುಂಡನೆಯ ಹಳದಿ, ಸುತ್ತ ಬಿಳಿ, ಹೊರಗೆ ಕಂದು.

ಅವ್ವ ಎಲೆಗೆ ಚಾಚಿದ್ದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಏನದ ಇದು?”

“ಕಡ್ಲಿಬ್ಯಾಳಿ, ಅಕ್ಕಿಹಿಟ್ಟು. ಬ್ಯಾರೆ ಏನೂ ಇಲ್ಲವಾ. ಕಡುಬು ಮಾಡಿದಂಗ ಮಾಡೀನಿ. ತುಪ್ಪದಾಗ ಕರದೀನಿ. ದೇವರ ಆಣಿ.”

“ಖರೆ ಅದ. ನೀ ಸುಳ್ಳು ಹೇಳಾಕಿ ಅಲ್ಲ.” ಬಹಳ ಹೊತ್ತು ಅದನ್ನೇ ನೋಡಿದಳು. “ಕಣ್ಣು ಒಪ್ಪವಲ್ಲದವಾ. ನಾ ಏನ ಮಾಡಲಿ?”

ನನಗೆ ಗೊತ್ತಿರಬೇಕಿತ್ತು. ಕೆಂಪಗಿದೆ ಎಂಬ ಒಂದೇ ಕಾರಣಕ್ಕೆ ಚಾತುರ್ಮಾಸದಲ್ಲಿ ಗಜ್ಜರಿಯನ್ನು ಒಳಗೆ ತರದ ಮನೆಯಲ್ಲಿ ಹುಟ್ಟಿದವಳು ನಾನು. ಮಸೂರಿಬೇಳೆಯ ಬಣ್ಣ ನೋಡಿ ಮುಖ ತಿರುಗಿಸುತ್ತಿದ್ದವಳ ಮಗಳು. ನಾಲಿಗೆಗೆ ಹಚ್ಚದ ಅಡುಗೆಮನೆಯಲ್ಲಿ ತಿನ್ನುವುದು ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಕಣ್ಣು. ಅದನ್ನು ಮರೆತು ನಾನು ತತ್ತಿಯಲ್ಲದ್ದನ್ನು ತತ್ತಿಗಿಂತ ಚೆನ್ನಾಗಿ ತತ್ತಿಯಂತೆ ಮಾಡಿದ್ದೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ ಎಂದುಕೊಂಡೆ.

ಅತ್ತುಬಿಟ್ಟೆ. ಅವಳ ಮುಂದೆಯೇ, ಚಾಕು ಕೈಯಲ್ಲಿ ಹಿಡಿದುಕೊಂಡು, ಸಣ್ಣ ಹುಡುಗಿಯಂತೆ ಅತ್ತೆ. ಅವ್ವ ಎಲೆಯನ್ನು ಮಡಚಲಿಲ್ಲ, ಬದಿಗೆ ಸರಿಸಲೂ ಇಲ್ಲ. ನನ್ನ ಅಳು ಮುಗಿಯುವವರೆಗೆ ಅದರ ಮುಂದೆಯೇ ಕೂತಿದ್ದಳು. ಆಮೇಲೆ ಮಂಡಿ ಹಿಡಿದು ಎದ್ದಳು.

ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದು ಹೋದೆವು. ಮುರಗೋಡದ ಬಸ್ಸು ಬಂದಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕೂತೆವು. ಅವ್ವ ತಂಬಿಗೆಯ ನೀರು ಕುಡಿದು, ಬಾಯಿ ಒರೆಸಿಕೊಂಡು, ಎದುರಿನ ಬಸ್ಸಿನ ಬೋರ್ಡನ್ನು ನೋಡುತ್ತ ಕೇಳಿದಳು.

“ಭಾನುವಾರ ನೀ ಮಾಡ್ತೀಯಲ್ಲಾ, ಅದನ್ನ ನೀ ತಿನ್ನಂಗಿಲ್ಲಲ್ಲ?”

ಅವಳು ಅದನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. “ಇಲ್ಲವ್ವ. ಒಂದ ದಿನಾನೂ ಇಲ್ಲ.”

“ಮತ್ತ ಉಪ್ಪು?”

ನಾನು ಅಂಗೈ ಬಿಡಿಸಿ ತೋರಿಸಿದೆ. ಅವ್ವ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಹೆಬ್ಬೆರಳನ್ನು ಗುಳಿಯಲ್ಲಿಟ್ಟು, ಹತ್ತು ವರ್ಷದವಳಿಗೆ ಒತ್ತಿದಂತೆಯೇ ಒತ್ತಿದಳು. ಅವಳ ಬೆರಳು ಸಣ್ಣಗಾಗಿತ್ತು, ನನ್ನ ಗುಳಿ ದೊಡ್ಡದಾಗಿತ್ತು.

“ಅದಕ್ಕೂ ಇಷ್ಟ ಸಾಕಾಗತದೇನು?”

“ಸಾಕಾಗತದ. ನಾಲ್ಕು ಹರಳು ತಗೀತೀನಿ.”

“ನಿಮ್ಮ ಮನಿಯವರು ಏನಂತಾರ?”

“ಬರೋಬ್ಬರಿ ಅಂತಾರ.”

ಅವ್ವ ತಲೆಯಾಡಿಸಿದಳು. ಮುಖದ ಮೇಲೆ ಒಂದು ಸಣ್ಣ ಗರ್ವ ಬಂದು ಹೋಯಿತು. ಹೌದು, ಗರ್ವವೇ, ನಾನು ಕಂಡಿದ್ದೇನೆ. ಇಷ್ಟು ವರ್ಷ ಕೈ ಗಂಡನ ಮನೆಯದು ಎಂದು ಹೇಳುತ್ತ ಬಂದಿದ್ದೆ. ಅದು ಎಂದೂ ಅಲ್ಲಿಯದಾಗಿರಲಿಲ್ಲ.

ಬಸ್ಸು ಬಂತು. ಮೆಟ್ಟಿಲು ಹತ್ತಿದವಳು ತಿರುಗಿ, ಹಿಂದಿನವರು ನೂಕುತ್ತಿದ್ದರೂ ಕಂಬಿ ಹಿಡಿದು ನಿಂತು ಹೇಳಿದಳು: “ಮುಂದಿನ ಸರತಿ ಉಪ್ಪಿಟ್ಟು ಮಾಡು. ತಿಂತೀನಿ.”

ಮುಂದಿನ ಸರತಿ ಬರಲಿಲ್ಲ. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅಣ್ಣನ ಫೋನು ಬಂತು. ತುಳಸಿಗೆ ನೀರು ಹಾಕಿ ಬಂದು, ತೊಲೆಗಂಬಕ್ಕೆ ಒರಗಿ ಕೂತವಳು ಏಳಲಿಲ್ಲವಂತೆ. ಕಾಯಿಲೆಯಿಲ್ಲ, ನರಳಾಟವಿಲ್ಲ. ಪುಣ್ಯವಂತಿ ಎಂದು ಎಲ್ಲರೂ ಅಂದರು. ನನಗೆ ಮಾತ್ರ ಆ ಪುಣ್ಯದ ಮೇಲೆ ಸಿಟ್ಟು ಬಂತು. ಮೂರು ವಾರ! ಗಂಡ ಹೇಳಿದ್ದನ್ನು ಕೇಳಿದ್ದರೆ, ರವೆ ಹುರಿದು ನೀರು ಕುದಿಸಿದ್ದರೆ ಮುಗಿದುಹೋಗುತ್ತಿತ್ತು.

ಮಾಳಿಗೆಯ ಒಲೆಯನ್ನು ಒಂದು ವರ್ಷ ಹಚ್ಚಲಿಲ್ಲ. ಭಾನುವಾರದ ಕೆಲಸ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅವ್ವ ಇನ್ನಷ್ಟು ದೂರ ಹೋಗುತ್ತಾಳೆ ಅನ್ನಿಸುತ್ತಿತ್ತು. ಖೀಮಾ ಹಿಂಡುತ್ತೇನೆ, ತತ್ತಿ ಸುಲಿಯುತ್ತೇನೆ. ಉಪ್ಪಿನ ಹೊತ್ತಿಗೆ ಅಂಗೈಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬಿಡಿಸಿಕೊಂಡು ಕೂರುತ್ತೇನೆ. ಗಂಡ ನೋಡಿಯೂ ನೋಡದವರಂತೆ ಎದ್ದು ಹಿತ್ತಿಲಿಗೆ ಹೋಗುತ್ತಾರೆ.

ಮೊನ್ನೆ ಅವ್ವನ ವರ್ಷಾಂತಿಕ ಮುಗಿಸಿಕೊಂಡು ಮುರಗೋಡದಿಂದ ಬಂದ ಮರುದಿನ, ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಮಾಳಿಗೆಗೆ ಹೋದೆ. ಒದ್ದೆ ಸೀರೆಯಲ್ಲೇ ರವೆ ಹುರಿದೆ. ಒಗ್ಗರಣೆಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಅಷ್ಟೆ. ನೀರು ಕುದಿಯುವಾಗ ಉಪ್ಪನ್ನು ಗುಳಿಗೆ ತುಂಬಿಕೊಂಡು ನಾಲ್ಕು ಹರಳು ತೆಗೆದೆ. ಮಣೆ ಹಾಕಿ, ಎಲೆ ಹಾಸಿ ಬಡಿಸಿದೆ. ಹಬೆ ನಿಲ್ಲುವವರೆಗೆ ಎದುರಿಗೆ ಕೂತಿದ್ದೆ.

ಆಮೇಲೆ ಅದೇ ಎಲೆಯಿಂದ ನಾನೇ ತಿಂದೆ. ಉಪ್ಪು ಸರಿಯಾಗಿತ್ತು. ಅವ್ವ ತಿನ್ನಬಹುದಾಗಿತ್ತು.